ತುಕ್ಕೇ ಕವಚವಾದ ಕಥೆ

ಮಂಗಳೂರಿನ ಕುದ್ರೋಳಿಯಲ್ಲಿ ಒಂದು ಕಾಲಕ್ಕೆ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯಿತ್ತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಆರಂಭಿಸಿದ ಉದ್ಯಮದ ಕವಲು ಅದು. ಮಂಗಳೂರು ಹಂಚಿನ ಕೆಂಪು ಯಾರೂ ಬಳಿದ ಬಣ್ಣವಲ್ಲ. ಜೇಡಿಮಣ್ಣಿನಲ್ಲಿರುವ ಕಬ್ಬಿಣದ ಅಂಶ ಭಟ್ಟಿಯ ಕಾವಿನಲ್ಲಿ ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಂಪಾಗುತ್ತದೆ. ಭಟ್ಟಿಗೆ ಗಾಳಿ ಸಾಲದಾದರೆ ಅದೇ ಹಂಚು ಕಪ್ಪಿಡುತ್ತದೆ.

ಹಂಚಿಗೆ ಅಂದ ಕೊಡುವ ಈ ನಂಟು ಉಕ್ಕಿಗೆ ಮಾತ್ರ ಕಂಟಕ. ಕಮ್ಮಾರ ಕಾದ ಕಬ್ಬಿಣವನ್ನು ಬಡಿದಾಗ ಕಪ್ಪು ಹಕ್ಕಳೆಗಳು ಉದುರುವುದನ್ನು ಎಲ್ಲರೂ ಕಂಡವರೇ. ಅದು ಕಾವಿನಲ್ಲಿ ಹುಟ್ಟಿದ ತುಕ್ಕು. ಸುಮಾರು 570 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಸಾದಾ ಉಕ್ಕಿನ ಮೇಲೆ ಈ ಪದರು ಬಹು ಬೇಗ ಬೆಳೆಯುತ್ತದೆ. ಪದರು ಉದುರಿದಷ್ಟೂ ಹೊಸ ಲೋಹ ಬಯಲಾಗಿ ಮತ್ತೆ ತುಕ್ಕಿಗೆ ತುತ್ತಾಗುತ್ತದೆ.

ಇದಕ್ಕೆ ಪರಿಹಾರ ದೊರೆತದ್ದು ತುಕ್ಕಿನಲ್ಲಿಯೇ ಎಂಬುದು ಸ್ವಾರಸ್ಯ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡಲು ಉಕ್ಕಿಗೆ ಶೇಕಡಾ 13ರಷ್ಟು ಕ್ರೋಮಿಯಂ ಬೆರೆಸಿ ನೋಡಿದ. ಆ ಉಕ್ಕು ಸುಲಭಕ್ಕೆ ಕಲೆಗಟ್ಟಲಿಲ್ಲ. ಕ್ರೋಮಿಯಂ ತಾನೇ ಮುಂದಾಗಿ ಆಮ್ಲಜನಕವನ್ನು ಹಿಡಿದು, ಕಣ್ಣಿಗೆ ಕಾಣದಷ್ಟು ತೆಳುವಾದ, ಉದುರದ ಪೊರೆ ಕಟ್ಟುವುದೇ ಇದರ ಗುಟ್ಟು. ಈ ಲೋಹದ ಅದಿರು ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲೂ ಇದೆ.

ಪರಮಾಣು ಸ್ಥಾವರಗಳು ಬಂದಾಗ ಈ ವಿದ್ಯೆಗೆ ಪ್ರಾಣದ ಬೆಲೆ ಬಂತು. 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ಉತ್ತರ ಕನ್ನಡದ ಕೈಗಾ ಸ್ಥಾವರ ಭಾರಜಲ ಮಾದರಿಯದು. ಇಂಥ ಸ್ಥಾವರಗಳ ಉಕ್ಕಿನ ಕೊಳವೆಗಳಲ್ಲಿ ಸುಮಾರು 300 ಡಿಗ್ರಿ ಕಾವಿನ ಭಾರಜಲ ಹರಿಯುತ್ತದೆ. ಸ್ಥಾವರ ಆರಂಭವಾಗುವ ಮೊದಲೇ ಕ್ಷಾರ ಬೆರೆಸಿದ ಬಿಸಿನೀರನ್ನು ದಿನಗಟ್ಟಲೆ ಹರಿಸಿ, ಕೊಳವೆಯೊಳಗೆ ಕಪ್ಪು ತುಕ್ಕಿನ ಗಟ್ಟಿ ಪದರನ್ನು ಬೇಕೆಂದೇ ಬೆಳೆಸಲಾಗುತ್ತದೆ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಮಾಡಿತು. ಅಷ್ಟೂ ದಿನ ಒಳಗಿನ ಲೋಹಕ್ಕೆ ಬಿಡುವಿರಲಿಲ್ಲ.

ಮುಂದಿನ ಪೀಳಿಗೆಯ ಸ್ಥಾವರಗಳ ಕಾವು ಇನ್ನೂ ಹೆಚ್ಚು. ಕಾವು ಹೆಚ್ಚಿದರೆ ಅದೇ ಇಂಧನದಿಂದ ಹೆಚ್ಚು ವಿದ್ಯುತ್ ದೊರೆಯುತ್ತದೆ. ದ್ರವ ಸೋಡಿಯಂ ಹರಿಯುವ ಸ್ಥಾವರಗಳಲ್ಲಿ ಅದು ಸುಮಾರು 550 ಡಿಗ್ರಿ ಮುಟ್ಟುತ್ತದೆ. ಅತಿಯಾದ ಒತ್ತಡದ ನೀರನ್ನು 500 ಡಿಗ್ರಿಗೂ ಮೇಲೆ ಕಾಯಿಸುವ ಯೋಜನೆಗಳೂ ಇವೆ. ಅಲ್ಲಿ ಶೇಕಡಾ 9ರಷ್ಟು ಕ್ರೋಮಿಯಂ ಸಾಲದು. ಪದರು ದಪ್ಪವಾಗಿ ಬೆಳೆದು ಶಾಖಕ್ಕೆ ಅಡ್ಡ ನಿಲ್ಲುತ್ತದೆ, ಉದುರಿದರೆ ಕೊಳವೆ ಕಟ್ಟುತ್ತದೆ. ಕ್ರೋಮಿಯಂ ಹೆಚ್ಚಿಸೋಣವೆಂದರೆ ವಿಕಿರಣದಡಿ ಕೆಲವು ಉಕ್ಕುಗಳು ಪೆಡಸಾಗುತ್ತವೆ.

2011ರಲ್ಲಿ ಜಪಾನಿನ ಫುಕುಶಿಮಾ ಈ ಚಿಂತೆಯನ್ನು ಜಗತ್ತಿನ ಮುಂದಿಟ್ಟಿತು. ಅಲ್ಲಿ ಇಂಧನ ತುಂಬಿದ್ದ ಕೊಳವೆಗಳು ಜಿರ್ಕೋನಿಯಂ ಮಿಶ್ರಲೋಹದವು. ತಂಪು ನೀರು ನಿಂತಾಗ ಕಾದ ಲೋಹ ನೀರಾವಿಯಿಂದ ಆಮ್ಲಜನಕವನ್ನು ಕಸಿದುಕೊಂಡಿತು. ಉಳಿದ ಜಲಜನಕ ಸ್ಫೋಟಿಸಿ ಕಟ್ಟಡಗಳ ಮಾಡು ಹಾರಿತು.

ಆ ಬಳಿಕ ತಜ್ಞರ ಕಣ್ಣು ಬಿದ್ದದ್ದು ಒಂದು ಹಳೆಯ ಲೋಹದ ಮೇಲೆ. 1920ರ ದಶಕದಲ್ಲಿ ಸ್ವೀಡನ್ನಿನಲ್ಲಿ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಕೂಡಿಸಿ ಮಾಡಿದ, ವಿದ್ಯುತ್ ಒಲೆಯ ಸುರುಳಿಗೆ ಬಳಕೆಯಾದ ಮಿಶ್ರಲೋಹವದು. ಕೆಂಪಗೆ ಕಾದರೂ ಅಲ್ಯೂಮಿನಿಯಂ ಆಕ್ಸೈಡಿನ ಪೊರೆ ಅದನ್ನು ಕಾಯುತ್ತದೆ. ಅದೇ ಬಳಗದ ಉಕ್ಕಿನ ಕೊಳವೆಗಳನ್ನು 2018ರಲ್ಲಿ ಅಮೆರಿಕದ ಹ್ಯಾಚ್ ಸ್ಥಾವರದಲ್ಲಿ ಪರೀಕ್ಷೆಗಿಡಲಾಯಿತು.

ಈ ಉಕ್ಕೂ ತುಕ್ಕು ಹಿಡಿಯದೆ ಇರದು. ನಿಧಾನವಾಗಿ ಹಿಡಿಯುತ್ತದೆ, ಅಷ್ಟೆ. ಆದರೆ ತಂಪು ನೀರು ನಿಂತ ಸ್ಥಾವರದಲ್ಲಿ ಆ ನಿಧಾನವೆಂದರೆ ಪಂಪನ್ನು ಮತ್ತೆ ನಡೆಸಲು, ಸುತ್ತಲಿನ ಊರುಗಳನ್ನು ತೆರವು ಮಾಡಲು ಸಿಗುವ ಹೊತ್ತು.