ಆವರಣ ಚಿಹ್ನೆಯ ಎರಡನೆಯ ಕೆಲಸ

ಪಠ್ಯದೊಳಗಿನ ಬೆಲೆ, ದಿನಾಂಕ, ದೂರವಾಣಿ ಸಂಖ್ಯೆಗಳನ್ನು ಹೆಕ್ಕಿ ತೆಗೆಯಲು ಹೊಸ ಪ್ರೋಗ್ರಾಮರುಗಳು ಬಳಸುವ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಅಕ್ಷರಗಳ ಸಾಲೊಂದು ಹೇಗಿರಬೇಕೆಂದು ಚಿಹ್ನೆಗಳಲ್ಲಿ ಹೇಳುವ ಸೂತ್ರ, ಹುಟ್ಟಿದ್ದು ಪಠ್ಯದ ಕೆಲಸಕ್ಕಾಗಿ ಅಲ್ಲ. ನರಕೋಶಗಳ ಜಾಲವನ್ನು ತರ್ಕದ ಭಾಷೆಯಲ್ಲಿ ವಿವರಿಸಿ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ 1943ರಲ್ಲಿ ಪ್ರಕಟಿಸಿದ ಲೇಖನದ ಜಾಡು ಹಿಡಿದು, ಅಂಥ ಜಾಲ ಯಾವ ಯಾವ ಸಂಕೇತಸರಣಿಗಳನ್ನು ಗುರುತಿಸಬಲ್ಲದು ಎಂಬ ಪ್ರಶ್ನೆಗೆ ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿ 1951ರಲ್ಲಿ ಉತ್ತರ ಬರೆದರು; ಅದು 1956ರಲ್ಲಿ ಅಚ್ಚಾಯಿತು. ಪುನರಾವರ್ತನೆಯನ್ನು ಸೂಚಿಸುವ ನಕ್ಷತ್ರ ಚಿಹ್ನೆಗೆ ಇಂದಿಗೂ ಅವರ ಹೆಸರೇ ಇದೆ. ಆದರೆ ಈ ಗಣಿತದಲ್ಲಿ ಸರಣಿಯು ಸೂತ್ರಕ್ಕೆ ಹೊಂದುತ್ತದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾಗಿತ್ತು. ಆವರಣ ಚಿಹ್ನೆಗಳು ಭಾಗಗಳನ್ನು ಒಟ್ಟುಗೂಡಿಸಲು ಮಾತ್ರ ಇದ್ದವು.

ಈ ಸೂತ್ರಗಳನ್ನು ಪಠ್ಯದ ಹುಡುಕಾಟಕ್ಕೆ ತಂದವರು ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್. ಸೂತ್ರವನ್ನು ಐಬಿಎಂ 7094 ಗಣಕದ ಯಂತ್ರಾಜ್ಞೆಗಳಾಗಿ ಪರಿವರ್ತಿಸುವ, ಎಲ್ಲ ಸಾಧ್ಯತೆಗಳನ್ನೂ ಒಟ್ಟಿಗೇ ಅನುಸರಿಸುವುದರಿಂದ ಪಠ್ಯದಲ್ಲಿ ಹಿಂದಕ್ಕೆ ಮರಳಬೇಕಿಲ್ಲದ ವಿಧಾನವನ್ನು ಅವರು 1968ರಲ್ಲಿ ಪ್ರಕಟಿಸಿದರು. ಯೂನಿಕ್ಸ್‌ನ ಎಡ್ ಎಂಬ ಪಠ್ಯ ಸಂಪಾದಕದಲ್ಲಿ ಸೂತ್ರಗಳು ನೆಲೆನಿಂತವು. ಹೊಂದಿದ ಸಾಲುಗಳನ್ನು ತೋರಿಸುವ ಗ್ರೆಪ್ 1970ರ ದಶಕದ ಆರಂಭದಲ್ಲಿ ಅದರಿಂದಲೇ ಕವಲೊಡೆಯಿತು.

ಹುಡುಕುವವರಿಗೆ ಇಡೀ ಸಾಲು ಸಾಕು, ತಿದ್ದುವವರಿಗೆ ಸಾಲದು. ಒಂದು ಭಾಗವನ್ನು ಉಳಿಸಿಕೊಂಡು ಉಳಿದದ್ದನ್ನು ಬದಲಿಸಬೇಕಾದಾಗ ಆ ಭಾಗ ನೆನಪಿನಲ್ಲಿರಬೇಕು. ಆದ್ದರಿಂದ ಸಂಪಾದಕಗಳಲ್ಲಿ ಆವರಣ ಚಿಹ್ನೆಗೆ ಎರಡನೆಯ ಕೆಲಸ ಬಂತು: ತನ್ನೊಳಗೆ ಸಿಕ್ಕಿದ್ದನ್ನು ಒಂದನೆಯದು, ಎರಡನೆಯದು ಎಂದು ಎಣಿಸಿ ಕಾದಿಡುವುದು. ಈ ಇಡೀ ಇತಿಹಾಸದಲ್ಲಿ ಕಲಿಯುವವರಿಗೆ ಅತ್ಯಂತ ಮುಖ್ಯವಾದ ತಿರುವು ಇದೇ. ‘ಬೆಲೆ: ([0-9]+)’ ಎಂಬ ಸೂತ್ರದಲ್ಲಿ ‘ಬೆಲೆ:’ ಎಂಬುದು ಸ್ಥಳವನ್ನು ಗುರುತಿಸುವ ಸಾಕ್ಷಿಯಾದರೆ, ಆವರಣದೊಳಗಿನ ಅಂಕಿಗಳ ಸಾಲು ಕೈಗೆ ಬರುವ ಮೌಲ್ಯ.

1987ರಲ್ಲಿ ಲ್ಯಾರಿ ವಾಲ್ ಬಿಡುಗಡೆ ಮಾಡಿದ ಪರ್ಲ್ ಭಾಷೆ ಈ ಸೌಲಭ್ಯವನ್ನು ದಿನಬಳಕೆಯದಾಗಿಸಿತು. ನಕ್ಷತ್ರ ಚಿಹ್ನೆ ಸಾಧ್ಯವಾದಷ್ಟು ಹೆಚ್ಚು ಪಠ್ಯವನ್ನು ಬಾಚಿಕೊಳ್ಳುವುದರಿಂದ, ಒಂದು ಉದ್ಧರಣದ ಬದಲು ಸಾಲಿನ ಕೊನೆಯ ಉದ್ಧರಣದವರೆಗಿನ ಎಲ್ಲವೂ ಸಿಗುವ ತೊಡಕಿಗೆ, ನಕ್ಷತ್ರದ ನಂತರ ಪ್ರಶ್ನಾರ್ಥಕ ಚಿಹ್ನೆಯಿಟ್ಟು ಕನಿಷ್ಠದಲ್ಲೇ ನಿಲ್ಲಿಸುವ ಪರಿಹಾರವನ್ನೂ ಪರ್ಲ್‌ನ 5ನೆಯ ಆವೃತ್ತಿಯೇ ತಂದಿತು. ಫಿಲಿಪ್ ಹೇಜಲ್ 1997ರಲ್ಲಿ ಬರೆಯತೊಡಗಿದ ಪಿಸಿಆರ್‌ಇ ಗ್ರಂಥಾಲಯ ಪರ್ಲ್‌ನ ಶೈಲಿಯನ್ನು ಇತರ ತಂತ್ರಾಂಶಗಳಿಗೂ ಒಯ್ದಿತು.

ಕನ್ನಡ ಪಠ್ಯದೊಡನೆ ಕೆಲಸ ಮಾಡುವವರು ಈ ಪರಂಪರೆಯ ಒಂದು ಮಿತಿಯನ್ನು ಅರಿತಿರಬೇಕು: ಇಂಗ್ಲಿಷ್ ಅಕ್ಷರಮಾಲೆಯನ್ನು ಮುಂದಿಟ್ಟುಕೊಂಡು ಬೆಳೆದ ಈ ಚಿಹ್ನೆಗಳಲ್ಲಿ [0-9] ಎಂಬುದು ‘೨೫೦’ನ್ನು ಹಿಡಿಯುವುದಿಲ್ಲ, ಅದಕ್ಕೆ [೦-೯] ಎಂದು ಬರೆಯಬಹುದು; ಯೂನಿಕೋಡ್‌ನಲ್ಲಿ ‘ಬೆ’ ಎಂಬ ಒಂದು ಅಕ್ಷರ ಎರಡು ಸಂಕೇತಗಳಾಗಿರುವುದರಿಂದ, ಒಂದು ಅಕ್ಷರಕ್ಕೆ ನಿಲ್ಲುವ ಚುಕ್ಕಿ ಸಾಮಾನ್ಯವಾಗಿ ಅದರ ಅರ್ಧವನ್ನಷ್ಟೇ ಹಿಡಿಯುತ್ತದೆ.