ಸೌದೆಯ ಲೆಕ್ಕ, ದುಡಿಮೆಯ ಲೆಕ್ಕ

ಸೌದೆ ಉಳಿಸುವ ಯೋಚನೆ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ನಮ್ಮ ಹಳ್ಳಿಮನೆಗಳ ಕೋಡೊಲೆಯನ್ನೇ ನೋಡಿ. ಮುಂದಿನ ಒಲೆಯ ಮೇಲೆ ಮುದ್ದೆಯ ಎಸರು ಕುದಿಯುವಾಗ, ಅಲ್ಲಿಂದ ದಾಟಿದ ಉರಿ ಪಕ್ಕದ ಕೋಡಿಗೆ ನುಗ್ಗಿ ಸಾರನ್ನು ಕಾಯಿಸುತ್ತದೆ. ಕೋಡಿಗೆ ಬೇರೆ ಸೌದೆ ಬೇಡ. ಸೀಳದ ಕೊಂಬೆಯನ್ನೂ ಒಲೆಗೆ ಒಡ್ಡಿ, ಉರಿದಷ್ಟೂ ಒಳಗೆ ತಳ್ಳಬಹುದು. ಆದರೂ ಮೇಲುಗಾಳಿಗೆ ತೆರೆದಿದ್ದ ಈ ಒಲೆಯ ಶಾಖದಲ್ಲಿ ಬಹುಪಾಲು ಹೊಗೆಯೊಡನೆ ಅಡುಗೆಮನೆಗೇ ಹೋಗುತ್ತಿತ್ತು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ, ಹಳ್ಳಿಗಾಡಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರ ಶುರುವಾಯಿತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಈ ಕೇಂದ್ರದವರು ನಡೆಸಿದ ಅಧ್ಯಯನ ಎರಡು ಸಂಗತಿ ತೋರಿಸಿತು: ಊರು ಬಳಸುವ ಶಕ್ತಿಯಲ್ಲಿ ಸಿಂಹಪಾಲು ಸೌದೆಯದು, ಆ ಸೌದೆಯನ್ನು ಕಾಸು ಕೊಡದೆ ಆಯ್ದು ತರುವವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಇಲ್ಲಿಂದ ಹುಟ್ಟಿದ್ದು ಅಸ್ತ್ರ ಒಲೆ. ಮುಚ್ಚಿದ ಉರಿಗೂಡು, ಕೆಳಗೆ ಗಾಳಿಯಾಡುವ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆ ಕೊಳವೆ. ಪರೀಕ್ಷೆಯಲ್ಲಿ ಇದರ ದಕ್ಷತೆ ಶೇಕಡಾ 40 ದಾಟಿತು. ಮೂರು ಕಲ್ಲಿನ ಒಲೆಯದು 10ರ ಆಸುಪಾಸು. ಮಣ್ಣಿನಲ್ಲೇ ಇಷ್ಟು ಸಾಧಿಸಿದ್ದು ದೊಡ್ಡ ಕೆಲಸ. ಆದರೆ ಆ ದಕ್ಷತೆ ಸಿಗಬೇಕಾದರೆ ಸೌದೆಯನ್ನು ಚಿಕ್ಕದಾಗಿ ಸೀಳಬೇಕು, ಮೂರು ಪಾತ್ರೆಯೂ ಒಲೆಯ ಮೇಲಿರಬೇಕು, ಕೊಳವೆಯ ಮಸಿ ಆಗಾಗ ತೆಗೆಯಬೇಕು. ಕೊಡಲಿ ಹಿಡಿಯಬೇಕಾದವರು ಯಾರು? ಉಳಿತಾಯವನ್ನು ಸೌದೆಯ ತೂಕದಲ್ಲಿ ಅಳೆದರು, ಒಲೆಯ ಮುಂದೆ ಕೂತವಳ ದುಡಿಮೆ ಲೆಕ್ಕಕ್ಕೆ ಬರಲಿಲ್ಲ. ಇಂಥ ಒಲೆಗಳು ಮನೆಮನೆಗಳಲ್ಲಿ ಮೂಲೆ ಸೇರಿದ್ದಕ್ಕೆ ಮುಖ್ಯ ಕಾರಣ ಇದೇ ಎಂದು ನನ್ನ ನಂಬಿಕೆ.

ಹಳ್ಳಿಯ ಹೆಂಗಸರು ಹಳೆಯದನ್ನು ಬಿಡಲಾರರು, ಅದಕ್ಕೇ ಸುಧಾರಿತ ಒಲೆ ಸೋತಿತು ಎನ್ನುವವರಿದ್ದಾರೆ. ಈ ಮಾತು ಅನ್ಯಾಯದ್ದು. ಕೈಗೆಟುಕಿದ ಕಡೆಯಲ್ಲೆಲ್ಲ ಅದೇ ಹೆಂಗಸರು ಸೀಮೆಎಣ್ಣೆ ಸ್ಟೌವನ್ನೂ ಕುಕ್ಕರನ್ನೂ ಗ್ಯಾಸನ್ನೂ ಬರಮಾಡಿಕೊಂಡರು. ಅವು ಉರುವಲಿನ ಜೊತೆಗೆ ಅವರ ಹೊತ್ತನ್ನೂ ಉಳಿಸಿದವು. ಹೊಗೆ ಕೊಳವೆಯಿಂದ ಕಣ್ಣಿಗೂ ಎದೆಗೂ ಹಿತವಾಯಿತಲ್ಲ ಎಂಬ ಇನ್ನೊಂದು ವಾದದಲ್ಲಿ ನಿಜವಿದೆ, ಅದನ್ನು ಒಪ್ಪಲೇಬೇಕು. ಆದರೆ ಮಸಿ ಕಟ್ಟಿದ ಕೊಳವೆ ಹೊಗೆಯನ್ನು ಮತ್ತೆ ಮನೆಯೊಳಕ್ಕೇ ತಳ್ಳುತ್ತದೆ; ಬಿರುಕು ಬಿಟ್ಟ ಒಲೆಗೆ ಅಳತೆ ತಪ್ಪದಂತೆ ಮಣ್ಣು ಮೆತ್ತಬಲ್ಲ ಗಾರೆಯವರು ಊರೂರಲ್ಲಿ ಇರಲಿಲ್ಲ. 1983ರಲ್ಲಿ ಕೇಂದ್ರ ಸರ್ಕಾರ ಕೈಗೊಂಡ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ ಕಟ್ಟಿದ ಒಲೆಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಉರಿಯುತ್ತಿರುವ ಒಲೆಗಳನ್ನು ಎಣಿಸಲಿಲ್ಲ. ದೇಶದಲ್ಲಿ ಕೋಟಿಗಟ್ಟಲೆ ಒಲೆಗಳನ್ನು ಹಂಚಿದ ಮೇಲೆ, 2002ರಲ್ಲಿ ಅದು ನಿಂತಿತು.