ಫೋರ್ಡನ ಊರು, ಪಕ್ಕದ ಕೇರಿ

ಊರಿನ ದೊಡ್ಡವರು ಯಾರು ಎಂದು ಕೇಳಿದರೆ ಊರು ಒಂದು ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ಕೇರಿಯವರು ಇರುವುದಿಲ್ಲ. ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ರೋಗ ಅಂತ ನಾವು ತಿಳಿದಿದ್ದೆವು. ಅಮೆರಿಕದ ಡೆಟ್ರಾಯಿಟ್ ನಗರದ ಅಂಚಿನಲ್ಲಿ ಡಿಯರ್‌ಬಾರ್ನ್ ಎಂಬ ಊರಿದೆ. ಅದರ ಪಶ್ಚಿಮಕ್ಕೆ ಇಂಕ್‌ಸ್ಟರ್ ಇದೆ. ಇವೆರಡರ ಚರಿತ್ರೆ ಓದಿದ ಮೇಲೆ ಆ ತಿಳುವಳಿಕೆ ಉಳಿಯಲಿಲ್ಲ.

ಡಿಯರ್‌ಬಾರ್ನಿನ ಪಟ್ಟಿಯಲ್ಲಿ ಮೊದಲ ಹೆಸರು ಹೆನ್ರಿ ಫೋರ್ಡ್. ರೂಜ್ ನದಿಯ ದಂಡೆಯ ಅವನ ಕಾರಖಾನೆಯೊಳಕ್ಕೆ ಅದಿರು ಹೋಗುತ್ತಿತ್ತು, ಹೊರಕ್ಕೆ ಕಾರು ಬರುತ್ತಿತ್ತು. ಇದನ್ನು ಕಾಲೇಜಿನಲ್ಲಿ ನಾವೂ ಬಾಯಿಪಾಠ ಮಾಡಿದವರೇ. ಬೇರೆ ಕಂಪನಿಗಳು ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಫೋರ್ಡ್ ಸಾವಿರಗಟ್ಟಲೆ ಕಪ್ಪು ಜನಕ್ಕೆ ಕೆಲಸ ಕೊಟ್ಟ. ನಿಜ. ಆದರೆ ಅವರಲ್ಲಿ ಬಹಳ ಮಂದಿಯನ್ನು ನಿಲ್ಲಿಸಿದ್ದು ಬೆಂಕಿಯ ಮುಂದೆ, ಎರಕದ ಮನೆಯಲ್ಲಿ. ಹಗಲು ಅವರ ಬೆವರು ಡಿಯರ್‌ಬಾರ್ನಿಗೆ ಬೇಕು. ರಾತ್ರಿ ಮಲಗಲು ಅಲ್ಲಿ ಅವರಿಗೆ ಮನೆ ಇಲ್ಲ. ಹಾಗೆ ಬೆಳೆದ ಕೇರಿ ಇಂಕ್‌ಸ್ಟರ್.

1929ರ ನಂತರ ಕೆಲಸ ಹೋಯಿತು, ಒಲೆ ಆರಿತು. 1931ರಲ್ಲಿ ಫೋರ್ಡ್ ಇಂಕ್‌ಸ್ಟರನ್ನು ‘ಉದ್ಧಾರ’ ಮಾಡಲು ಬಂದ. ಅಂಗಡಿ ತೆರೆಸಿದ, ಮನೆ ರಿಪೇರಿ ಮಾಡಿಸಿದ, ಗಂಡಸರಿಗೆ ಕೆಲಸ ಕೊಟ್ಟ. ಕೈಗೆ ಕೊಟ್ಟದ್ದು ಮಾತ್ರ ದಿನಕ್ಕೆ 1 ಡಾಲರ್. ಮಿಕ್ಕ ಕೂಲಿ ಸಾಲಕ್ಕೆ, ದಿನಸಿಗೆ, ರಿಪೇರಿಗೆ ಜಮಾ. ಧಣಿಯ ಲೆಕ್ಕದ ಪುಸ್ತಕ ಹೇಗಿರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1932ರ ಮಾರ್ಚ್ 7ರಂದು ಕೆಲಸ ಕಳೆದುಕೊಂಡ ಸಾವಿರಾರು ಜನ, ಕರಿಯರು ಬಿಳಿಯರು ಒಟ್ಟಾಗಿ, ರೂಜ್ ಕಾರಖಾನೆಗೆ ಹಸಿವಿನ ಮೆರವಣಿಗೆ ಹೋದರು. ಡಿಯರ್‌ಬಾರ್ನಿನ ಪೊಲೀಸರು ಮತ್ತು ಫೋರ್ಡನ ಕಾವಲುಪಡೆಯವರು ಗುಂಡು ಹಾರಿಸಿದರು. ಜೋ ಯಾರ್ಕ್ ಮತ್ತವನ ಮೂವರು ಸಂಗಾತಿಗಳು ಗುಂಡಿಗೆ ಬಲಿಯಾದರು. ಗಾಯಗೊಂಡಿದ್ದ ಕಪ್ಪು ಕಾರ್ಮಿಕ ಕರ್ಟಿಸ್ ವಿಲಿಯಮ್ಸ್ ಕೆಲವು ತಿಂಗಳ ನಂತರ ತೀರಿಕೊಂಡ. ಮೊದಲ ನಾಲ್ವರನ್ನು ವುಡ್‌ಮಿಯರ್ ಸ್ಮಶಾನದಲ್ಲಿ ಹೂಳಿದ್ದರು. ಕರ್ಟಿಸ್ ಕರಿಯ, ಆ ಸ್ಮಶಾನದಲ್ಲಿ ಅವನಿಗೆ ಆರಡಿ ನೆಲ ಸಿಗಲಿಲ್ಲ. ಸಂಗಾತಿಗಳು ಹೆಣ ಸುಟ್ಟು ಬೂದಿಯನ್ನು ವಿಮಾನದಿಂದ ತೂರಿದರು. ಒಂದೇ ಮೆರವಣಿಗೆ, ಒಂದೇ ಹಸಿವು. ಮಣ್ಣು ಮಾತ್ರ ಬೇರೆ. ಹೆಣ ಹೊತ್ತು ಜಾಗ ಹುಡುಕಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಡಿಯರ್‌ಬಾರ್ನಿನ ಇನ್ನೊಬ್ಬ ದೊಡ್ಡವನು ಆರ್ವಿಲ್ ಹಬಾರ್ಡ್. 1942ರಿಂದ 1978ರವರೆಗೆ ಮೇಯರ್. ಕರಿಯರು ತನ್ನ ಊರಿಗೆ ಕಾಲಿಡಬಾರದು ಎಂಬುದನ್ನು ಅವನು ಮುಚ್ಚಿಟ್ಟವನಲ್ಲ. 1989ರಲ್ಲಿ ಅವನಿಗೊಂದು ಪ್ರತಿಮೆಯೂ ನಿಂತಿತು. ಅದನ್ನು ಪೂರಾ ಎತ್ತಿಹಾಕಲು 2020 ಬರಬೇಕಾಯಿತು.

ಇನ್ನು ಕೇರಿಯ ಪಟ್ಟಿ ನೋಡೋಣ. 1952ರಲ್ಲಿ ಜೈಲಿನಿಂದ ಬಿಡುಗಡೆಯಾದ ಮಾಲ್ಕಂ ಲಿಟಲ್ ಎಂಬ ತರುಣ ಇಂಕ್‌ಸ್ಟರಿನಲ್ಲಿದ್ದ ಅಣ್ಣ ವಿಲ್ಫ್ರೆಡನ ಮನೆಗೆ ಬಂದ. ಪೀಠೋಪಕರಣದ ಅಂಗಡಿಯಲ್ಲಿ ದುಡಿದ. ಒಡೆಯರು ಕೊಟ್ಟ ಹೆಸರನ್ನು ಬಿಸುಟು ‘ಎಕ್ಸ್’ ಎಂದುಕೊಂಡ. ಅಲ್ಲಿಂದ ಹೊರಟ ಮಾಲ್ಕಂ ಎಕ್ಸ್‌ನ ಮಾತನ್ನು 1965ರಲ್ಲಿ ಕೊಂದವರ ಗುಂಡೂ ನಿಲ್ಲಿಸಲಿಲ್ಲ. ಪಾಳುಬಿದ್ದಿದ್ದ ಆ ಮನೆ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿದ್ದು 2021ರಲ್ಲಿ.

ಇಂಕ್‌ಸ್ಟರ್ ಹೈಸ್ಕೂಲಿನ ಹುಡುಗಿಯರು ಹಾಡು ಕಟ್ಟಿಕೊಂಡು ಡೆಟ್ರಾಯಿಟಿನ ಮೋಟೌನ್ ಕಂಪನಿಗೆ ಹೋದರು. ಅವರೇ ಮಾರ್ವಲೆಟ್ಸ್. ಮುಖ್ಯವಾಗಿ ಹಾಡಿದ ಗ್ಲಾಡಿಸ್ ಹಾರ್ಟನ್ ಪರರ ಮನೆಗಳಲ್ಲಿ ಬೆಳೆದವಳು. ಹಾಡನ್ನು ತಿದ್ದಿ ಬರೆದ ಜಾರ್ಜಿಯಾ ಡಾಬಿನ್ಸ್, ಮನೆಯವರು ಒಪ್ಪದೆ, ಗುಂಪನ್ನೇ ಬಿಡಬೇಕಾಯಿತು. ಅಂಚೆಯವನನ್ನು ಕಾಗದ ಕೇಳುವ ಆ ಹಾಡು 1961ರಲ್ಲಿ ಅಮೆರಿಕದ ನಂಬರ್ ಒನ್ ಆಯಿತು. ಮೋಟೌನಿಗೆ ಇಡೀ ದೇಶದ ಪಟ್ಟಿಯಲ್ಲಿ ಸಿಕ್ಕ ಮೊದಲ ಒಂದನೇ ಸ್ಥಾನ ಅದು. ಆಲ್ಬಮಿನ ಹೊದಿಕೆಯ ಮೇಲೆ ಮಾತ್ರ ಒಂದು ಅಂಚೆಪೆಟ್ಟಿಗೆಯ ಚಿತ್ರ. ಹುಡುಗಿಯರ ಮುಖ ಇಲ್ಲ. ದನಿ ಬೇಕು, ಮುಖ ಬೇಡ!

ಆ ಶಾಲೆ ಈಗ ಇಲ್ಲ. ಸಾಲದ ಕಾರಣಕ್ಕೆ 2013ರಲ್ಲಿ ಸರ್ಕಾರ ಇಂಕ್‌ಸ್ಟರಿನ ಶಾಲಾ ಜಿಲ್ಲೆಯನ್ನೇ ರದ್ದುಮಾಡಿ ಮಕ್ಕಳನ್ನು ಸುತ್ತಲಿನ ಊರುಗಳಿಗೆ ಹಂಚಿತು. ಕಾರು ಮಾಡಿದವರ ಮೊಮ್ಮಕ್ಕಳಿಗೆ ತಮ್ಮದೇ ಊರಿನದೊಂದು ಶಾಲೆ ಉಳಿಯಲಿಲ್ಲ.

1946ರಲ್ಲಿ ಬಾಬಾಸಾಹೇಬರು ಅಮೆರಿಕದ ಡು ಬೋಯಿಸ್ ಅವರಿಗೆ ಕಾಗದ ಬರೆದು, ನಿಮ್ಮ ಜನರ ಸ್ಥಿತಿಗೂ ನಮ್ಮ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆಯಿದೆ ಎಂದಿದ್ದರು. ಆ ಕಾಗದದ ಅರ್ಥ ನಮಗೆ ಇಂಕ್‌ಸ್ಟರಿನಲ್ಲಿ ಸಿಕ್ಕಿತು. ಗೆಳೆಯರೆ, ಊರಿನ ಪಟ್ಟಿಯಲ್ಲಿ ಜಾಗ ಕೊಡಿ ಅಂತ ನಾವು ಕೈ ಚಾಚುವುದು ಬೇಡ. ಪಟ್ಟಿಯನ್ನು ನಾವೇ ಬರೆಯೋಣ. ಮಾಲ್ಕಂ, ಗ್ಲಾಡಿಸ್, ಜಾರ್ಜಿಯಾ ಅದರಲ್ಲಿರಲಿ. ಮೊದಲ ಸಾಲಿನಲ್ಲಿ, ಮಣ್ಣು ಸಿಗದ ಕರ್ಟಿಸ್ ವಿಲಿಯಮ್ಸ್ ಇರಲಿ.